ರತ್ನಕ್ಕ ತೊಳೆಯದೆ ಕೊಟ್ಟದ್ದು

ಗ್ಯಾಸ್ ಸಿಲಿಂಡರಿಗೆ ಸೋಪು ಹಚ್ಚಿ ಸ್ನಾನ ಮಾಡಿಸುತ್ತಿದ್ದ ಹೆಂಗಸು ಇಡೀ ಚಾಮರಾಜಪೇಟೆಯಲ್ಲಿ ಒಬ್ಬಳೇ, ನಮ್ಮ ರತ್ನಕ್ಕ. ಭಾವನದು ಕಲಾಸಿಪಾಳ್ಯದಲ್ಲಿ ಸಗಟು ತರಕಾರಿ ವ್ಯಾಪಾರ. ಮಂಡಿಯಲ್ಲಿ ರಾಜನ ಹಾಗೆ ಕೂತಿರುತ್ತಿದ್ದ ಆ ಮನುಷ್ಯ, ಪಾಪ, ಮನೆಗೆ ಬಂದರೆ ಗೇಟಿನಲ್ಲೇ ಕಾಲಿಗೆ ನೀರು ಹುಯ್ಯಿಸಿಕೊಂಡು ಹಿತ್ತಲಿನಿಂದ ಬಚ್ಚಲಿಗೆ ಹೋಗಬೇಕಿತ್ತು. ಬಾಳೆಹಣ್ಣನ್ನೂ ಅಕ್ಕ ತೊಳೆದೇ ಸುಲಿಯುತ್ತಿದ್ದಳು. ಬೀದಿಯವರು ಬೆನ್ನ ಹಿಂದೆ 'ಫಿನಾಯಿಲ್ ರತ್ನಮ್ಮ' ಎನ್ನುತ್ತಿದ್ದರು. ನಾನು ತಮ್ಮ, ಎದುರಿಗೇ ಅನ್ನುತ್ತಿದ್ದೆ.

"ಅನ್ನು, ಅನ್ನು. ಒಂದಿನ ನಿನ್ನ ಬಾಯೂ ತೊಳೀತೀನಿ."

ಇಂಥವಳು, ನನ್ನ ಎರಡೂ ಕಿಡ್ನಿ ಕೈಕೊಟ್ಟಾಗ, ತನ್ನದೊಂದನ್ನು ಕೊಟ್ಟಳು. ಜೊತೆಗೆ ಉಸ್ತುವಾರಿಯನ್ನೂ ಕೊಟ್ಟಳು. ಅದನ್ನು ನಾನು ಕೇಳಿರಲಿಲ್ಲ. ಹೊಸ ಕಿಡ್ನಿಯನ್ನು ಮೈ ತಿರಸ್ಕರಿಸದಿರಲೆಂದು ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆ ಕೊಡುತ್ತೇವೆ, ಸೋಂಕು ತಗಲದಂತೆ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದ್ದೇ ತಡ, ಅಕ್ಕನಿಗೆ ಸರ್ಕಾರಿ ಆರ್ಡರ್ ಸಿಕ್ಕ ಹಾಗಾಯಿತು. ದಿನಾ ಬೆಳಿಗ್ಗೆ ನಮ್ಮ ಮನೆಯಲ್ಲಿ ತಪಾಸಣೆ. ನೆಂಟರು ಕಿಟಕಿಯಾಚೆ ನಿಂತೇ ಕುಶಲ ಕೇಳಿ ಹೋದರು. ನನ್ನ ಹೆಂಡತಿ ಒರೆಸಿ ಒರೆಸಿ ಬಾಗಿಲ ಚಿಲಕದ ಬಣ್ಣವೇ ಹೋಯಿತು. "ನನ್ನ ಕಿಡ್ನಿಗೆ ನೀರು ಕುಡ್ಸಿದ್ಯೇನೋ?" ಎಂದು ಕೇಳುವಳೇ ಹೊರತು, ನೀನು ಹೇಗಿದ್ದೀಯ ಎಂದು ಕೇಳಿದ್ದು ನೆನಪಿಲ್ಲ.

ಇಷ್ಟೆಲ್ಲ ತೊಳೆದರೂ ನನ್ನ ಕತ್ತಿನಲ್ಲಿ ಗಂಟು ಎದ್ದಿತು. ಜ್ವರವೂ ಬಿಡಲಿಲ್ಲ. ಗಂಟಿನ ಚೂರು ತೆಗೆದು ಪರೀಕ್ಷೆ ಮಾಡಿಸಿದ ಡಾಕ್ಟರು ನಮ್ಮಿಬ್ಬರನ್ನೂ ಕೂರಿಸಿ ವಿವರಿಸಿದರು. ಒಂದು ವೈರಸ್ ಇದೆ, ಹೆಚ್ಚಿನವರಿಗೆ ಚಿಕ್ಕಂದಿನಲ್ಲೇ ನೆಗಡಿಯ ಹಾಗೆ ಬಂದು, ಆಮೇಲೆ ಮೈಯೊಳಗೇ ತೆಪ್ಪಗೆ ಮಲಗಿರುತ್ತದೆ. ನನಗೆ ಮಾತ್ರ ಬಂದಿರಲಿಲ್ಲವಂತೆ. ಬರುವುದಾದರೂ ಹೇಗೆ, ನನ್ನನ್ನು ಚಿಕ್ಕಂದಿನಲ್ಲಿ ತೊಳೆದು ಬೆಳೆಸಿದವಳೂ ಇವಳೇ! ಈಗ ಕಾವಲಿಲ್ಲದ ಮೈಯಲ್ಲಿ ಅದು ಎದ್ದು ಕೂತು, ಗ್ರಂಥಿಗಳ ಜೀವಕೋಶಗಳು ಹದ್ದುಮೀರಿ ಬೆಳೆಯುವಂತೆ ಮಾಡಿತ್ತು. ಕ್ಯಾನ್ಸರಿನ ಜಾತಿಯೇ.

"ಎಲ್ಲಿಂದ ಬಂತು ಡಾಕ್ಟ್ರೇ? ನಾನು ಒಂದು ನೊಣಾನೂ ಒಳಗೆ ಬಿಟ್ಟಿಲ್ವಲ್ಲ," ಎಂದಳು ಅಕ್ಕ.

"ಬಹುಶಃ ನೀವು ಕೊಟ್ಟ ಕಿಡ್ನಿ ಜೊತೇಲೇ ಬಂದಿರ್ಬೇಕಮ್ಮ. ಅದು ಯಾರ ತಪ್ಪೂ ಅಲ್ಲ."

ಲೋಕವನ್ನೆಲ್ಲ ತೊಳೆದವಳ ಮುಖ ಆಗ ನೋಡಬೇಕಿತ್ತು. ನನಗೆ ನಗುವೂ ಬಂತು, ಪಾಪ ಅಂತಲೂ ಅನ್ನಿಸಿತು.

ಮೊದಲು ಮಾತ್ರೆ ತಗ್ಗಿಸಬೇಕು, ಮೈಯೇ ಗಂಟಿನ ಜೊತೆ ಹೋರಾಡಲಿ. ಆದರೆ ಹಾಗೆ ಮಾಡಿದರೆ ಕಿಡ್ನಿ ಹೋದರೂ ಹೋಗಬಹುದು ಎಂದರು ಡಾಕ್ಟರು. ನಾನು ಬೇಡವೆಂದೆ. ಅಕ್ಕ ಹೊಟ್ಟೆ ಕುಯ್ಯಿಸಿಕೊಂಡು ಕೊಟ್ಟದ್ದನ್ನು ಹೇಗೆ ಕಳೆಯಲಿ?

"ಅಯ್ಯೋ ಮಂಕೇ! ಕಿಡ್ನಿ ಉಳೀಲಿ ಅಂತ ಕೊಟ್ನೇನೋ? ನೀನು ಉಳೀಲಿ ಅಂತ ಕೊಟ್ಟೆ. ಹೋದ್ರೆ ಹಾಳಾಗಿ ಹೋಗ್ಲಿ ಬಿಡು!"

ಮಾತ್ರೆ ತಗ್ಗಿತು. ಅಂದಿನಿಂದ ಅಕ್ಕ ನಮ್ಮ ಮನೆಯೊಳಗೆ ಕಾಲಿಡಲಿಲ್ಲ. ದಿನಾ ಬಂದು ಗೇಟಿನಾಚೆಯೇ ನಿಲ್ಲುವಳು. "ನನ್ನಿಂದಾನೇ ಬಂದಿದ್ದಲ್ವಾ, ಇಲ್ಲೇ ಇರ್ತೀನಿ." ಅದು ಹೆಚ್ಚಿನವರ ಮೈಯಲ್ಲಿ ಇರುವುದೇ ಎಂದು ಡಾಕ್ಟರು ಹೇಳಿದ್ದು ಅವಳ ತಲೆಗೆ ಹತ್ತಲೇ ಇಲ್ಲ. "ಇನ್ನು ಹೊಸದಾಗಿ ಏನು ಅಂಟಿಸ್ತೀಯ, ಒಳಗೆ ಬಾರೇ!" ಎಂದು ಕೂಗಿದರೂ ಅಷ್ಟೇ. ಕಿಡ್ನಿಯ ಮಾತೇ ಬಿಟ್ಟು, "ಹೇಗಿದೀಯೋ?" ಎಂದು ಕೇಳತೊಡಗಿದಳು. ನನಗೆ ಅದೇ ಭಯ ಹುಟ್ಟಿಸಿತು.

ಕೆಲವು ತಿಂಗಳ ಮೇಲೆ ಗಂಟು ಕರಗಿದೆ, ಕಿಡ್ನಿಯೂ ಉಳಿದಿದೆ ಎಂದು ರಿಪೋರ್ಟು ಬಂತು. ಫೋನ್ ಮಾಡಿದೆ. ಅಕ್ಕ ಆವತ್ತು ಸೊಪ್ಪು ಆರಿಸಿ ತರಲು ಭಾವನ ಮಂಡಿಗೆ ಹೋಗಿದ್ದಳು. ಅಲ್ಲಿಂದ ಆಟೋ ಹತ್ತಿದವಳು ಕೆಸರು ಕಾಲಲ್ಲೇ, ಚಪ್ಪಲಿ ಸಮೇತ, ನೇರ ಹಾಲಿಗೆ ನುಗ್ಗಿ ಎರಡೂ ಕೈಯಿಂದ ನನ್ನ ಕತ್ತು ತಡವಿದಳು. ಬೆರಳೆಲ್ಲ ಕೊತ್ತಂಬರಿ ವಾಸನೆ.

"ಅಕ್ಕ, ಕೈ ತೊಳ್ಕೊಂಡ್ಯಾ?" ಎಂದೆ.

ತನ್ನ ಕೈ ತಾನೇ ನೋಡಿಕೊಂಡಳು. ನನ್ನ ತಲೆಗೊಂದು ಮೊಟಕಿದಳು. ಕೆಸರಾದ ನೆಲದ ಮೇಲೇ ಕುಸಿದು ಕೂತು, ನಗುನಗುತ್ತಲೇ ಅತ್ತಳು.

ತಪಾಸಣೆ ಮತ್ತೆ ಶುರುವಾಯಿತಲ್ಲಪ್ಪ ಎಂದು ಹೆಂಡತಿ ಒರೆಸುವ ಬಟ್ಟೆ ಹೊಸದು ತಂದಿಟ್ಟಳು. ಅಕ್ಕ ಬರಲಿಲ್ಲ. ಅದೇ ವಾರ ಅವಳ ಹೃದಯ ನಿಂತುಹೋಯಿತು.

ಈಗ ನಮ್ಮ ಮನೆಗೆ ಯಾರು ಬೇಕಾದರೂ ಚಪ್ಪಲಿ ಕಾಲಲ್ಲೇ ಬರಬಹುದು, ಕೇಳುವವರಿಲ್ಲ. ಬೆಳಿಗ್ಗೆ ಚೊಂಬು ನೀರು ಕುಡಿದು ಕೆಳಗಿಡುತ್ತೇನೆ. "ಕುಡ್ಸಿದೀನಿ ಕಣಕ್ಕ," ಎನ್ನುತ್ತೇನೆ.