ಲೆವೆಲ್‌ಗೆಂದು ಹೇಳಿದ ತಿಂಡಿ

ಆ ಗುರುವಾರ ಬೆಳಗ್ಗೆ ನನ್ನ ಯಜಮಾನರು ಬಚ್ಚಲುಮನೆಯಲ್ಲಿ ಅಳಿಲಾಗಿ ಕಿರುಚುತ್ತಿದ್ದರು. ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದೆ. ಬನಶಂಕರಿಯಲ್ಲಿ ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಕೆಳಗಿನಿಂದ ಓನರ್ ಆಂಟಿ, "ಇವತ್ತು ಯಾವ ಪ್ರಾಣಿ ರೀ?" ಎಂದು ಕೂಗಿ ಕೇಳಿದರು. "ಅಳಿಲು ಆಂಟಿ. ಬಾಲ ಬಾಗಿಲಿಗೆ ಸಿಕ್ಕಾಕ್ಕೊಂಡಿದೆ," ಅಂದೆ.

ಕಾರ್ಟೂನ್‌ಗಳಿಗೆ ದನಿ ಕೊಡುವುದು ಯಜಮಾನರ ಕೆಲಸ. ತೊಂಬತ್ತರ ದಶಕದ ಮೊದಲಿಗೆ ಮಕ್ಕಳ ಕಥೆಯ ಕ್ಯಾಸೆಟ್‌ಗಳಿಂದ ಶುರುವಾಗಿದ್ದು. ನರಿ, ಕಾಗೆ, ಆನೆ, ಹಲ್ಲಿಲ್ಲದ ಅಜ್ಜಿ, ಎಲ್ಲಾ ಅವರೇ. ಆಮೇಲೆ ಜಾಹೀರಾತಿನ ಗೊಂಬೆಗಳು ಬಂದವು. ಹೊರದೇಶದ ಕಾರ್ಟೂನ್‌ಗಳು ಕನ್ನಡಕ್ಕೆ ಬರತೊಡಗಿದಾಗ ಬಿಟಿಎಂ ಲೇಔಟಿನ ಒಂದು ಕಿಟಕಿಯಿಲ್ಲದ ಕೋಣೆಯಲ್ಲಿ ನಿಂತು ಒಂದೇ ಕಂತಿನಲ್ಲಿ ಏಳು ಜನರಾಗುತ್ತಿದ್ದರು. ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಅವರ ಹೆಸರು ಒಂದು ಸಲವೂ ಬರಲಿಲ್ಲ. ನಾನು ಕೇಳಿದರೆ, "ಅಳಿಲಿನ ಹೆಸರು ಬಂದಿದೆಯಲ್ಲೇ," ಅನ್ನುತ್ತಿದ್ದರು. ಅವರು ನಗುತ್ತಿದ್ದರು. ನನಗೆ ಆಗಲೂ ನಗು ಬರುತ್ತಿರಲಿಲ್ಲ.

ಎರಡು ತಿಂಗಳಿಂದ ಗಂಟಲು ಕಟ್ಟಿತ್ತು. ಜ್ಯೇಷ್ಠಮಧು ಅಗಿಯುತ್ತಾ ಕೆಲಸಕ್ಕೆ ಹೋಗುತ್ತಿದ್ದರು. ಆ ಗುರುವಾರ ಸಂಜೆ ಜಯನಗರದಿಂದ ಬಾಳೆಹಣ್ಣು ತಂದರು. "ನಾಳೆ ಡಾಕ್ಟರ್ ಹತ್ರ ಬರ್ತೀಯೇನೇ?" ಎಂದು ಕೇಳಿದರು. ಬರ್ತೀನಿ ಅಂದೆ. ಇನ್ನೂ ಏನೇನೋ ಮಾತಾಡಿರಬೇಕು. ಯಾವುದೂ ನೆನಪಿಲ್ಲ. ನಾನು ಬಟ್ಟೆ ಮಡಚುತ್ತಿದ್ದೆ.

ಮಾರನೆಯ ದಿನ ಡಾಕ್ಟರು ಗಂಟಲೊಳಗೆ ಕನ್ನಡಿ ಇಟ್ಟು ಬಹಳ ಹೊತ್ತು ನೋಡಿದರು. ಪರೀಕ್ಷೆಯ ವರದಿ ಬಂದ ಮೇಲೆ, "ಧ್ವನಿಪೆಟ್ಟಿಗೆ ತೆಗೀಲೇಬೇಕಮ್ಮ," ಅಂದರು. ಅವರಿಗೆ ಹೇಳಲಿಲ್ಲ, ನನಗೆ ಹೇಳಿದರು.

ಇಲ್ಲಿ ಒಂದು ಹಳೆಯ ವಿಷಯ ಹೇಳಬೇಕು. ಅದು ನನ್ನದೇ ತಪ್ಪು.

ರೆಕಾರ್ಡಿಂಗ್ ಶುರು ಮಾಡುವ ಮೊದಲು ಸೌಂಡ್ ಇಂಜಿನಿಯರ್ "ಲೆವೆಲ್ ಕೊಡಿ" ಅನ್ನುತ್ತಾರೆ. ಮೈಕಿನ ಮುಂದೆ ಏನಾದರೂ ನಾಲ್ಕು ಮಾತಾಡಬೇಕು, ದನಿ ಎಷ್ಟು ಜೋರು ಎಂದು ಅವರು ಮೀಟರಿನ ಮುಳ್ಳು ನೋಡಿ ಸರಿಮಾಡಿಕೊಳ್ಳುತ್ತಾರೆ. ಮದುವೆಯಾದ ಹೊಸತರಲ್ಲಿ ಒಮ್ಮೆ ನಾನೂ ಜೆಪಿ ನಗರದ ಸ್ಟುಡಿಯೊಗೆ ಹೋಗಿ ಗಾಜಿನ ಈಚೆ ಕೂತಿದ್ದೆ. ಅಲ್ಲಿನ ಇಂಜಿನಿಯರ್ ಲೆವೆಲ್ ಕೇಳಿದರು. ಯಜಮಾನರು ಮನೆಯಲ್ಲಿ ಮಾತಾಡುವ ತಮ್ಮ ಸಾದಾ ದನಿಯಲ್ಲಿ, "ಇವತ್ತು ಮನೇಲಿ ಉಪ್ಪಿಟ್ಟು. ಉಪ್ಪು ಸ್ವಲ್ಪ ಮುಂದು. ಚಟ್ನಿ ಇಲ್ಲ, ಕಾಯಿ ತರೋದು ನಾನೇ ಮರೆತಿದ್ದೆ," ಅಂದರು. ಒಳಗಿದ್ದವರೆಲ್ಲ ನಕ್ಕರು. ಇಂಜಿನಿಯರ್ ನನ್ನ ಕಡೆ ತಿರುಗಿ, "ಅಕ್ಕ, ನಿಮ್ಮನೆ ಆರು ತಿಂಗಳ ತಿಂಡಿ ನಮಗೆ ಬಾಯಿಪಾಠ," ಅಂದರು.

ನನಗೆ ನಾಚಿಕೆಯಾಯಿತು. ವಾಪಸು ಬರುವಾಗ ಸ್ಕೂಟರ್ ಮೇಲೆ ಜಗಳ ತೆಗೆದೆ. "ನನ್ನ ಅಡಿಗೆ ವಿಷಯ ಊರಿಗೆಲ್ಲ ಯಾಕ್ರೀ ಸಾರ್ತೀರಾ? ಒಂದು ಎರಡು ಮೂರು ಅಂತ ಹೇಳಕ್ಕಾಗಲ್ವಾ?"

"ಆಯ್ತು ಕಣೇ. ಇನ್ಮೇಲೆ ನಾನು ಬಾಯೇ ಬಿಡಲ್ಲ. ಲೆವೆಲ್ಲೂ ನರೀನೇ ಕೊಡುತ್ತೆ," ಅಂದರು.

ತಮಾಷೆಗೆ ಹೇಳಿದರೆಂದುಕೊಂಡೆ. ಅವರು ಹೇಳಿದಂತೆ ನಡೆದುಕೊಂಡರು.

ಆಪರೇಷನ್‌ಗೆ ಮೂರು ದಿನ ಇದ್ದಾಗ ಕಾರ್ಟೂನ್ ಕಂಪನಿಯವರೊಬ್ಬರು ದ್ರಾಕ್ಷಿ ಹಿಡಿದು ಮನೆಗೆ ಬಂದರು. ಕಾಫಿ ಕುಡಿದು, "ಮೇಡಂ, ಒಂದೇ ಒಂದು ಎಪಿಸೋಡ್ ಉಳ್ಕೊಂಡಿದೆ. ಸಾರ್ ಬಂದು ಮುಗಿಸಿಕೊಟ್ರೆ..." ಅಂದರು.

"ಅವರಿಗೆ ಗಂಟಲಿಂದ ಸ್ವರಾನೇ ಹೊರಡ್ತಿಲ್ಲ ಸಾರ್."

"ಅಳಿಲು ತಾನೇ ಮೇಡಂ. ಸ್ವಲ್ಪ ಕೀರಲಾದ್ರೂ ನಡಿಯುತ್ತೆ."

ನಾನು ಬೇಡವೆಂದೆ. ಯಜಮಾನರು ಶರ್ಟು ಹಾಕಿಕೊಂಡು ಹೊರಟರು. ಸಂಜೆ ಬಂದಾಗ ನೀರು ಬೇಕೆಂದು ಕೈಯಲ್ಲಿ ತೋರಿಸಿದರು. ಉಳಿದಿದ್ದ ಅಷ್ಟೂ ದನಿಯನ್ನು ಅಳಿಲಿಗೆ ಕೊಟ್ಟು ಬಂದಿದ್ದರು. ಆ ದ್ರಾಕ್ಷಿಯನ್ನು ನಾನು ಯಾರಿಗೂ ಕೊಡದೆ ಎಸೆದೆ.

ಆಪರೇಷನ್ ದಿನ ಗಂಟಲು ತುಸು ತೆರೆದಿತ್ತು. ಗಾಲಿಮಂಚ ತಳ್ಳುವಾಗ ಹಲ್ಲಿಲ್ಲದ ಅಜ್ಜಿಯ ಪಿಸುದನಿಯಲ್ಲಿ, "ಹೋಗ್ಬಿಟ್ ಬತ್ತೀನಿ ಕಣವ್ವ, ದೋಸೆ ಹಿಟ್ಟು ಉಕ್ಕೀತು, ನೋಡ್ಕೋ," ಅಂದರು. ನರ್ಸ್ ನಕ್ಕಳು.

"ನಿಮ್ಮ ದನೀಲಿ ಹೇಳ್ರೀ," ಅಂದೆ.

"ಅದ್ಯಾವ್ದವ್ವಾ?" ಅಂದಿತು ಅಜ್ಜಿ.

ಅವರ ಬಾಯಿಂದ ನಾನು ಕೇಳಿದ ಕೊನೆಯ ಮಾತು ಅದು.

ಆಮೇಲೆ ಎರಡು ವರ್ಷ ಬದುಕಿದ್ದರು. ಮಾತೆಲ್ಲ ಗೆರೆ ಹಾಕಿದ ನೋಟ್‌ಬುಕ್ಕಿನಲ್ಲಿ. ಅಳಿಲಿಗೆ ಬೇರೊಬ್ಬರು ಬಂದರು. ಟಿವಿಯಲ್ಲಿ ಅದನ್ನು ನೋಡುತ್ತಾ, "ಹುಡುಗ ಉಸಿರು ತಪ್ಪಾದ ಕಡೆ ತಗೋತಾನೆ," ಎಂದು ಬರೆದು ನನಗೆ ತೋರಿಸಿದರು. ಕಂಪನಿಯಿಂದ ಯಾರೂ ಮತ್ತೆ ಬರಲಿಲ್ಲ. ತೀರಿಕೊಂಡ ದಿನವೂ ಬರಲಿಲ್ಲ.

ತಿಂಗಳು ಕಳೆದ ಮೇಲೆ ಮನೆಯಲ್ಲಿದ್ದ ಕ್ಯಾಸೆಟ್‌ಗಳನ್ನೆಲ್ಲ ಹಾಕಿ ಕೇಳಿದೆ. ಎರಡು ರಟ್ಟಿನ ಡಬ್ಬದ ತುಂಬ ನರಿ, ಕಾಗೆ, ಆನೆ. ಮದುವೆಯ ವಿಡಿಯೊ ಹಾಕಿದೆ. ಯಜಮಾನರು ಯಾರೊಂದಿಗೋ ನಗುತ್ತಾ ಮಾತಾಡುತ್ತಿದ್ದಾರೆ, ಬಾಯಿ ಆಡುತ್ತದೆ. ವಿಡಿಯೊದವನು ಎಲ್ಲದರ ಮೇಲೆ ಸಿನಿಮಾ ಹಾಡು ಹಾಕಿಬಿಟ್ಟಿದ್ದ. ಜಗತ್ತಿನ ಪ್ರಾಣಿಗಳ ಬಾಯಿಗೆಲ್ಲ ಮಾತು ಕೊಟ್ಟವರ ಬಾಯಿಗೆ ಯಾರದೋ ಹಾಡು.

ಆಗ ನನಗೆ ಲೆವೆಲ್ ನೆನಪಾಯಿತು. ಜೆಪಿ ನಗರದ ಸ್ಟುಡಿಯೊಗೆ ಹೋದೆ. ಅದೇ ಇಂಜಿನಿಯರ್ ಇದ್ದರು, ತಲೆ ಬೆಳ್ಳಗಾಗಿತ್ತು. "ಅಕ್ಕ, ಲೆವೆಲ್ ಯಾರೂ ಇಡಲ್ಲ. ಅದರ ಮೇಲೇ ರೆಕಾರ್ಡ್ ಮಾಡಿಬಿಡ್ತೀವಿ," ಅಂದರು. ಆದರೂ ಹುಡುಕಿದರು. ವಾರದ ನಂತರ ಫೋನ್ ಬಂತು. ಒಂದು ಹಳೆಯ ಟೇಪಿನ ಶುರುವಿನಲ್ಲಿ ಅಳಿಸದೆ ಉಳಿದ ತುಣುಕು ಸಿಕ್ಕಿತ್ತು.

ಹೆಡ್‌ಫೋನ್ ಹಾಕಿಕೊಂಡು ಕೂತೆ. ಮೊದಲು ಬರೀ ಸುಯ್ ಎನ್ನುವ ಸದ್ದು. ಕುರ್ಚಿ ಎಳೆದ ಸದ್ದು. ಇಂಜಿನಿಯರರ ಹಳೆಯ ದನಿ, "ಲೆವೆಲ್ ಕೊಡಿ ಸಾರ್. ತಿಂಡಿ ಏನು?"

ಉತ್ತರ ಕೊಟ್ಟಿದ್ದು ನರಿ. "ಒಂದು, ಎರಡು, ಮೂರು. ತಿಂಡಿ ಹೇಳೋ ಹಾಗಿಲ್ಲ ಗುರು, ಮನೇಲಿ ಬೈತಾರೆ."

ಟೇಪಿನೊಳಗೆ ಎಲ್ಲರೂ ನಕ್ಕರು. ಕೋಣೆಯಲ್ಲಿ ಇಂಜಿನಿಯರ್ ತಲೆ ಎತ್ತಲಿಲ್ಲ. ಇನ್ನೊಂದು ಸಲ ಹಾಕಲೇ ಎಂದು ಕೇಳಿದರು. ಬೇಡ ಅಂದೆ.

ನರಿ, ಕಾಗೆ, ಆನೆ, ಅಜ್ಜಿ, ಅಳಿಲು ಎಲ್ಲವೂ ಮನೆಯಲ್ಲಿವೆ. ಇವತ್ತು ಉಪ್ಪಿಟ್ಟು ಎಂದು ಅವರದೇ ದನಿಯಲ್ಲಿ ಹೇಳಿದ ಒಂದು ಮಾತು ಎಲ್ಲೂ ಇಲ್ಲ.