ಕಾಗದದಲ್ಲಿಲ್ಲದ ಹೆಸರು

ಹೊಸಹಳ್ಳಿಯ ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದ ಓಬಳೇಶಪ್ಪನನ್ನು ಸುತ್ತಲಿನ ಕುರಿಗಾರರು ಡಾಕ್ಟರರಿಗಿಂತ ಹೆಚ್ಚು ನಂಬುತ್ತಿದ್ದರು. ಡಾಕ್ಟರರು ಬಂದು ವರ್ಷ ತುಂಬುವುದರೊಳಗೆ ವರ್ಗ ಮಾಡಿಸಿಕೊಂಡು ಹೋಗುತ್ತಿದ್ದರು. ಓಬಳೇಶಪ್ಪ ಮಾತ್ರ ಅದೇ ಹಳೆಯ ಬೈಕಿಗೆ ಔಷಧದ ಚೀಲ ನೇತುಹಾಕಿಕೊಂಡು ಹಟ್ಟಿಯಿಂದ ಹಟ್ಟಿಗೆ ತಿರುಗುತ್ತಿದ್ದ. ಯಾವ ಕುರಿ ಉಳಿಯುತ್ತದೆ, ಯಾವುದು ಉಳಿಯುವುದಿಲ್ಲ ಎಂಬುದನ್ನು ಕಣ್ಣಿನ ರೆಪ್ಪೆ ಮಗುಚಿ ನೋಡಿದೊಡನೆ ಹೇಳಿಬಿಡುತ್ತಿದ್ದ. ಉಳಿಯದ ಜೀವಕ್ಕೆ ಸುಮ್ಮನೆ ಸೂಜಿ ಚುಚ್ಚುವವನಲ್ಲ. "ಬಿಟ್ಟುಬಿಡ್ರಪ. ನೆಳ್ಳಿಗೆ ಮಲಗಿಸಿ ಒಂದೀಟು ನೀರು ಹಾಕ್ರಿ" ಎಂದು ಎದ್ದುಬಿಡುತ್ತಿದ್ದ.

ನಿವೃತ್ತಿಯಾದ ಮೇಲೆ ಅವನೂ ಹೆಂಡತಿ ಮೈಲಮ್ಮನೂ ಕೂಡ್ಲಿಗಿಗೆ ಬಂದು ನೆಲೆಸಿದರು. ಮಕ್ಕಳಾಗಿರಲಿಲ್ಲ. ಅದರ ಬಗ್ಗೆ ಅತ್ತು ಮುಗಿಸಿ ಬಹಳ ವರ್ಷಗಳಾಗಿದ್ದವು. ಮೈಲಮ್ಮ ಮಾತಿನ ಹೆಂಗಸು. ಬೆಳಿಗ್ಗೆ ಒಲೆ ಹಚ್ಚಿದಾಗಿನಿಂದ ನೆರೆಮನೆಯ ಸೊಸೆಯ ಸುದ್ದಿ, ನಲ್ಲಿ ನೀರಿನ ಸುದ್ದಿ, ರಾತ್ರಿ ಬಿದ್ದ ಕನಸು, ಎಲ್ಲವನ್ನೂ ಗಂಡನಿಗೆ ಒಪ್ಪಿಸಬೇಕು. ಅವನು ಪೇಪರಿನಿಂದ ಕಣ್ಣೆತ್ತದೆ ಹೂಂ ಎನ್ನುತ್ತಿದ್ದ.

ಎರಡು ವರ್ಷದ ಹಿಂದೆ ಓಬಳೇಶಪ್ಪನ ಅಣ್ಣ ಲಕ್ವ ಹೊಡೆದು ದೊಡ್ಡ ಊರಿನ ಆಸ್ಪತ್ರೆಯಲ್ಲಿ ಇಪ್ಪತ್ತೆರಡು ದಿನ ಮಲಗಿದ್ದ. ಗಂಟಲಿಗೆ ಕೊಳವೆ, ಮೂಗಿಗೆ ಕೊಳವೆ, ಕೈ ಕಿತ್ತುಕೊಳ್ಳದಂತೆ ಮಂಚಕ್ಕೆ ಬಿಗಿದ ಪಟ್ಟಿ. ಬಿಡಿಸಿಕೊಂಡು ಬರೋಣವೆಂದರೆ ಮಕ್ಕಳಲ್ಲೇ ಒಮ್ಮತವಿಲ್ಲ. ಕೊನೆಗೆ ಅವನು ಯಾರ ತೀರ್ಮಾನಕ್ಕೂ ಕಾಯದೆ ಹೋಗಿಬಿಟ್ಟ. ಆ ಮಂಚ ಓಬಳೇಶಪ್ಪನ ಕಣ್ಣಿನಿಂದ ಹೋಗಲಿಲ್ಲ.

ಹೀಗಿರುವಾಗ ಕಳೆದ ಮಳೆಗಾಲದಲ್ಲಿ ಅವನಿಗೇ ಎದೆ ಹಿಡಿಯಿತು. ದಾವಣಗೆರೆಯಲ್ಲಿ ತೋರಿಸಿದರೆ ಮೂರು ರಕ್ತನಾಳ ಕಟ್ಟಿವೆ, ಎದೆ ತೆರೆದು ಆಪರೇಷನ್ ಮಾಡಬೇಕು ಎಂದರು. ದಿನ ಗೊತ್ತಾಯಿತು. ಅದಕ್ಕೆ ಒಂದು ವಾರ ಮೊದಲು ಓಬಳೇಶಪ್ಪ, ಪೆನ್ಶನ್ ಕೆಲಸ ಐತಿ ಎಂದು ಮನೆಯಲ್ಲಿ ಹೇಳಿ, ಕೋರ್ಟಿನ ಹತ್ತಿರವಿದ್ದ ನೋಟರಿ ಯಶೋಧಾ ಅವರ ಕಚೇರಿಗೆ ಹೋದ. ಲಿವಿಂಗ್ ವಿಲ್ ಎಂಬುದೊಂದಿದೆ, ಮತ್ತೆ ಎಚ್ಚರವಾಗುವ ಭರವಸೆ ಇಲ್ಲದಾಗ ಯಂತ್ರದ ಮೇಲೆ ಉಸಿರು ಹಿಡಿದಿಡಬೇಡಿ ಎಂದು ಮೊದಲೇ ಬರೆದಿಡಬಹುದು ಎಂಬುದನ್ನು ಅವನು ಪೇಪರಿನಲ್ಲಿ ಓದಿದ್ದ.

ಯಶೋಧಾ ಎಲ್ಲವನ್ನೂ ಸಮಾಧಾನದಿಂದ ಬರೆದುಕೊಂಡರು. ಆಮೇಲೆ ಕೇಳಿದರು. "ನಿಮಗೆ ಎಚ್ಚರ ಇಲ್ಲದಾಗ ನಿಮ್ಮ ಪರವಾಗಿ ಡಾಕ್ಟರ ಹತ್ರ ಮಾತಾಡೋರು ಇಬ್ಬರು ಬೇಕ್ರಿ. ಮೊದಲನೇದು ನಿಮ್ಮ ಮನಿಯವರ ಹೆಸರು ಹಾಕ್ಲೇನು?"

"ಬ್ಯಾಡ್ರಿ ಮೇಡಂ. ಆಕಿ ಕೈಲಿ ಆಗಂಗಿಲ್ಲ."

ಹಾಗೆ ಹೇಳುವಾಗ ಅವನ ಮನಸ್ಸಿನಲ್ಲಿದ್ದದ್ದು ಹಳೆಯದೊಂದು ಸಂಗತಿ. ಹೊಸಹಳ್ಳಿಯಲ್ಲಿದ್ದಾಗ ಮೈಲಮ್ಮ ಸಾಕಿದ್ದ ಕುರಿಯೊಂದರ ಸೊಂಟ ಲಾರಿಗೆ ಸಿಕ್ಕು ಮುರಿದಿತ್ತು. ಉಳಿಯುವುದಿಲ್ಲವೆಂದು ಅವನು ಹೇಳಿದರೂ ಕೇಳದೆ ಮೂರು ದಿನ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಗಂಜಿ ಹಾಕುತ್ತಾ ಕೂತಿದ್ದಳು. ಒಂದು ಕುರಿಯನ್ನೇ ಬಿಟ್ಟುಕೊಡಲಾರದವಳು ಗಂಡನನ್ನು ಬಿಟ್ಟುಕೊಡುತ್ತಾಳೆಯೇ ಎಂದು ಅವನು ಲೆಕ್ಕ ಹಾಕಿದ್ದ. ತಂಗಿಯ ಮಗ ಗವಿಸಿದ್ದೇಶನ ಹೆಸರು, ಕೊಟ್ಟೂರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಗೆಳೆಯ ಕೊಟ್ರಬಸಪ್ಪನ ಹೆಸರು ಬರೆಸಿದ. ಇಬ್ಬರೂ ಬಂದು ಒಪ್ಪಿಗೆಯ ಸಹಿ ಹಾಕಿದರು. ಕಚೇರಿಯ ಟೈಪಿಸ್ಟರಿಬ್ಬರು ಸಾಕ್ಷಿಯಾದರು. ನೋಟರಿಯ ಮುದ್ರೆ ಬಿತ್ತು. ಮೈಲಮ್ಮನಿಗೆ ಆಮೇಲೆ ಹೇಳಿದರಾಯಿತು ಎಂದುಕೊಂಡ. ಹೇಳಲಿಲ್ಲ.

ಆಸ್ಪತ್ರೆಗೆ ಸೇರಿದ ದಿನ ನರ್ಸೊಬ್ಬಳು ಓಬಳೇಶಪ್ಪ ಕೊಟ್ಟ ಕಾಗದಗಳನ್ನು ಜೋಡಿಸಿಕೊಳ್ಳುತ್ತಾ, "ಗವಿಸಿದ್ದೇಶ್, ಕೊಟ್ರಬಸಪ್ಪ ಅಂದ್ರೆ ಯಾರು? ಫೋನ್ ನಂಬರ್ ಹೇಳಿ" ಎಂದಳು.

ಮಂಚದ ಪಕ್ಕ ಕೂತು ಮೋಸಂಬಿ ಸುಲಿಯುತ್ತಿದ್ದ ಮೈಲಮ್ಮ ಕೈ ನಿಲ್ಲಿಸಿದಳು. "ನಂಬರು ನಂದ ಬರ್ಕೊಳ್ಳವ್ವ. ನಾ ಇವರ ಮನಿಯಾಕಿ."

"ಅದಕ್ಕಲ್ಲಮ್ಮ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಮುಂದೇನು ಮಾಡಬೇಕು ಅಂತ ಹೇಳೋರು. ಇವರು ಬರೆದುಕೊಟ್ಟಿದ್ದಾರಲ್ಲ" ಎಂದು ಆ ಹುಡುಗಿ ಏನೂ ಅರಿಯದೆ ಕಾಗದ ಎತ್ತಿ ತೋರಿಸಿದಳು.

ನರ್ಸು ಹೋದ ಮೇಲೆ ಮೈಲಮ್ಮ ಗಂಡನ ಕಡೆ ನೋಡಿದಳು. "ನನ್ನ ಹೆಸರಿಲ್ಲೇನ್ರಿ ಅದರಾಗ?"

"ನಿನಗ್ಯಾಕ ಆ ತ್ರಾಸು ಅಂತ..."

"ಆತು ಬಿಡ್ರಿ" ಎಂದು ಅವಳು ಉಳಿದ ತೊಳೆಗಳನ್ನು ಬಿಡಿಸಿ ತಟ್ಟೆಯಲ್ಲಿಟ್ಟಳು. ಮರುದಿನ ಬೆಳಿಗ್ಗೆ ಸೆರಗಿನ ಗಂಟಿನಿಂದ ಮೈಲಾರಲಿಂಗಪ್ಪನ ಭಂಡಾರ ತೆಗೆದು ಅವನ ಹಣೆಗೆ ಹಚ್ಚಿದಳು. ತಳ್ಳುಮಂಚ ಸಾಗುವಾಗ ಏನಾದರೂ ಹೇಳಬೇಕೆಂದು ಅವನಿಗೆ ಅನ್ನಿಸಿತು. ಯೋಚಿಸುವಷ್ಟರಲ್ಲಿ ಬಾಗಿಲು ಮುಚ್ಚಿತ್ತು.

ಓಬಳೇಶಪ್ಪನಿಗೆ ಎಚ್ಚರವಾದದ್ದು ನಾಲ್ಕನೆಯ ದಿನ. ಕಣ್ಣು ಬಿಟ್ಟಾಗ ಮೈಲಮ್ಮ ಒದ್ದೆ ಬಟ್ಟೆಯಿಂದ ಅವನ ತುಟಿ ಒರೆಸುತ್ತಿದ್ದಳು. ನಡುವಿನ ದಿನಗಳಲ್ಲಿ ಏನಾಯಿತೆಂದು ಯಾರೂ ಬಿಡಿಸಿ ಹೇಳಲಿಲ್ಲ. "ಸ್ವಲ್ಪ ತಡ ಆತು, ಅಷ್ಟ" ಎಂದ ಗವಿಸಿದ್ದೇಶ.

ಮನೆಗೆ ಬಂದ ಮೇಲೆ ಮೈಲಮ್ಮ ಆರೈಕೆಯಲ್ಲಿ ಒಂದಿಷ್ಟೂ ಕೊರತೆ ಮಾಡಲಿಲ್ಲ. ಹೊತ್ತಿಗೆ ಸರಿಯಾಗಿ ಮಾತ್ರೆ, ಉಪ್ಪಿಲ್ಲದ ಸಾರು, ಸಂಜೆ ಕೈ ಹಿಡಿದು ಓಣಿಯ ಕೊನೆಯವರೆಗೆ ನಡಿಗೆ. ಆದರೆ ಮಾತು ನಿಂತಿತ್ತು. ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದಳು, ಅಷ್ಟೇ. ನಲ್ಲಿ ಯಾವಾಗ ಬಂತು, ಕನಸಿನಲ್ಲಿ ಯಾರು ಬಂದರು, ಒಂದೂ ಅವನ ಕಿವಿಗೆ ಬೀಳಲಿಲ್ಲ. ದಣಿದಿರಬೇಕೆಂದು ಅವನು ತನಗೆ ತಾನೇ ಹೇಳಿಕೊಂಡ.

ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಕೊಟ್ರಬಸಪ್ಪ ಬಂದ. ಮೈಲಮ್ಮ ಗಿರಣಿಗೆ ಹೋಗಿದ್ದಳು. ಅವನು ಬಂದವನೇ ಕೂರದೆ, "ಲೇ ಓಬಳೇಶಿ, ಆ ಕಾಗದದಾಗಿಂದ ನನ್ನ ಹೆಸರು ತಗಿಸ್ಬಿಡೋ ಮಾರಾಯ" ಎಂದ.

"ಯಾಕಲೇ, ಏನಾತು?"

ಕೊಟ್ರಬಸಪ್ಪ ಟವೆಲಿನಿಂದ ಮುಖ ಒರೆಸಿಕೊಂಡು ಕೂತ. "ಮೂರನೇ ದಿನ ಡಾಕ್ಟರು ನನ್ನೂ ಗವಿಸಿದ್ದೇಶನ್ನೂ ಒಳಗ ಕರದ್ರು. ಮಿದುಳಿಗೆ ಪೆಟ್ಟು ಬಿದ್ದಿರಬಹುದು, ಇನ್ನೆರಡು ದಿನ ನೋಡ್ತೀವಿ, ಎಚ್ಚರ ಆಗಲಿಲ್ಲ ಅಂದ್ರ ಡಾಕ್ಟರ ಸಮಿತಿ ಕೂಡ್ತತಿ, ಈ ಕಾಗದದಾಗ ಬರದಂಗ ನಡೀಬೇಕೋ ಹೆಂಗ, ನೀವು ಹೇಳಬೇಕು ಅಂದ್ರು. ನಾ ಸಣ್ಣ ಹುಡುಗರಂಗ ಅತ್ತುಬಿಟ್ಟೆ. ಗವಿಸಿದ್ದೇಶ ಫೋನ್ ಬಂತು ಅಂತ ಹೊರಗ ಹೋದೋನು ತಿರುಗಿ ಬರಲಿಲ್ಲ."

"ಮತ್ತ?"

"ಮತ್ತೇನು, ಮೈಲವ್ವ ಬಾಗಿಲು ತಳ್ಕೊಂಡು ಬಂದ್ಲು. ಯಾರೂ ಕರೆದಿರಲಿಲ್ಲ ಆಕಿನ್ನ. ಕುರ್ಚಿ ಎಳಕೊಂಡು ಕುಂತು ಡಾಕ್ಟರಿಗೆ ಹೇಳಿದ್ಲು. 'ಇವರ ಅಣ್ಣ ಸತ್ತ ಮೂರನೇ ದಿನ ನಾ ಹಿತ್ತಲಾಗ ಬಟ್ಟಿ ಒಗ್ಯಾಕತ್ತಿದ್ದೆ. ಇವರು ಬಂದು ಪಕ್ಕದಾಗ ಕುಂತು, ನನ್ನನ್ನ ಹಂಗ ಕಟ್ಟಿ ಮಲಗಿಸಬ್ಯಾಡ ಮೈಲಿ ಅಂದ್ರು. ನಾ ಹೂಂ ಅಂದೀನಿ. ಎರಡು ದಿನ ನೋಡ್ರಿ. ಆಗಲಿಲ್ಲ ಅಂದ್ರ ಅವರು ಹೇಳಿದಂಗ ಮಾಡ್ರಿ' ಅಂದ್ಲು. ದನಿ ಒಂದೀಟೂ ನಡಗಲಿಲ್ಲ ನೋಡು."

ಹಾಗೆ ಹೇಳಿದ್ದು ಓಬಳೇಶಪ್ಪನಿಗೆ ಮರೆತೇ ಹೋಗಿತ್ತು. ಈಗ ಒಂದೊಂದಾಗಿ ನೆನಪಿಗೆ ಬಂತು: ಒದ್ದೆ ಕಲ್ಲು, ಸೋಪಿನ ನೊರೆಯಲ್ಲಿ ನಿಂತುಬಿಟ್ಟ ಅವಳ ಕೈ. ಕಾಗದಕ್ಕಿಂತ ಬಹಳ ಮೊದಲೇ ಅವನು ತನ್ನ ಮಾತನ್ನು ಯಾರಿಗೆ ಒಪ್ಪಿಸಬೇಕೋ ಅವರಿಗೇ ಒಪ್ಪಿಸಿದ್ದ. ಅವಳು ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದಳು. ಆಮೇಲೆ ಅವನೇ ಹೋಗಿ, ಅವಳ ಕೈಲಿ ಆಗುವುದಿಲ್ಲವೆಂದು ಪರರ ಮುಂದೆ ಹೇಳಿ ಬಂದಿದ್ದ.

ವಾರದೊಳಗೆ ಯಶೋಧಾ ಅವರ ಹತ್ತಿರ ಹೋಗಿ ಹೊಸ ಕಾಗದ ಟೈಪ್ ಮಾಡಿಸಿದ. ಮೊದಲನೆಯ ಹೆಸರು ಮೈಲಮ್ಮನದು. ಅದನ್ನು ಮನೆಗೆ ತಂದು, ಅವಳು ಅವರೆಕಾಯಿ ಬಿಡಿಸುತ್ತಿದ್ದ ಮೊರದ ಪಕ್ಕ ಕೂತ.

"ತಪ್ಪಾತು ಮೈಲಿ. ಕೊಟ್ರಬಸಪ್ಪ ಎಲ್ಲಾ ಹೇಳಿದ. ನಾ ನಿನ್ನನ್ನ ತಿಳಕೊಳ್ಳಲಿಲ್ಲ. ನಾಳಿ ಇಬ್ಬರೂ ಹೋಗಿ ಸೈನ್ ಮಾಡಿ ಬರೋಣು."

ಅವಳು ಕಾಳು ಬಿಡಿಸುತ್ತಲೇ ಹೇಳಿದಳು. "ನಾ ಮಾಡಂಗಿಲ್ರಿ."

"ಸಿಟ್ಟೇನು?"

"ಸಿಟ್ಟು ಆವತ್ತ ಇತ್ತು. ಈಗಿಲ್ಲ." ಬಿಡಿಸಿದ ಸಿಪ್ಪೆಯನ್ನು ಪಕ್ಕಕ್ಕೆ ಸರಿಸಿದಳು. "ಡಾಕ್ಟರ ಮುಂದ ಹಂಗ ಅಂದು ಹೊರಗ ಬಂದು ಅಲ್ಲೇ ನೆಲಕ್ಕ ಕುಂತೆ. ನನ್ನ ಬಾಯಿಂದನ ನಿಮ್ಮನ್ನ ಕಳಿಸಿಕೊಟ್ಟಂಗ ಆಗಿತ್ತು. ನೀವು ಕಣ್ಣು ಬಿಟ್ರಿ, ದೇವರು ದೊಡ್ಡೋನು. ಆದ್ರ ಆ ಮಾತು ಆಡಿದ ಬಾಯಿ ನಂದ ಅಲ್ಲೇನು? ತಿಂಗಳಾನುಗಟ್ಲೆ ಊಟ ಸೇರಲಿಲ್ಲ. ನೀವು ನೋಡಲಿಲ್ಲ."

ಅವನು ನೋಡಿರಲಿಲ್ಲ. ಅವಳ ರವಿಕೆಯ ತೋಳು ಸಡಿಲವಾಗಿ ಜೋಲುತ್ತಿದ್ದುದು ಅವನಿಗೆ ಕಂಡದ್ದು ಈಗಲೇ. ಅವಳ ಕೈಲಿ ಆಗುವುದಿಲ್ಲ ಎಂದುಕೊಂಡಿದ್ದ. ಆಗಿತ್ತು. ಆದದ್ದಕ್ಕೆ ಅವಳು ಏನು ತೆತ್ತಿದ್ದಳೆಂಬುದು ಮಾತ್ರ ಅವನ ಲೆಕ್ಕದಲ್ಲೇ ಇರಲಿಲ್ಲ.

"ಅವಾಗ ನೀವು ನನ್ನನ್ನ ಕೂಡಿಸ್ಕೊಂಡು ಕೇಳಿದ್ರ, ಹೂಂ ಅನ್ನತಿದ್ದೆ" ಎಂದಳು ಮೈಲಮ್ಮ. "ಇಬ್ಬರೂ ಕೂಡಿ ಬರದದ್ದು ಅಂತ ಒಂದು ಧೈರ್ಯ ಇರತಿತ್ತು. ಒಬ್ಬಾಕಿನ ಹೋಗಿ ಹೇಳಿ ಬಂದೆ. ಇನ್ನೊಂದ್ಸಲ ನನ್ನ ಕೈಲಿ ಆಗಂಗಿಲ್ಲ."

ಹೊಸ ಕಾಗದ ಸಹಿಯಿಲ್ಲದೆ ಉಳಿಯಿತು. ಹಳೆಯದರಿಂದ ಕೊಟ್ರಬಸಪ್ಪನ ಹೆಸರು ತೆಗೆಸಬೇಕೆಂದರೆ ಇನ್ನೊಬ್ಬರ ಹೆಸರು ಹೇಳಿ ಎನ್ನುತ್ತಾರೆ ಯಶೋಧಾ. ಓಬಳೇಶಪ್ಪ ಯೋಚನೆ ಮಾಡಿ ಹೇಳ್ತೀನ್ರಿ ಎಂದು ಬರುತ್ತಾನೆ.

ಈಚೆಗೆ ಮೈಲಮ್ಮ ಒಂದೊಂದು ಮಾತು ತಾನಾಗಿಯೇ ಆಡುತ್ತಾಳೆ. ಅವಳು ಬಾಯಿ ತೆರೆದರೆ ಸಾಕು, ಅವನು ಪೇಪರ್ ಮಡಚಿಡುತ್ತಾನೆ. ಮೊನ್ನೆ ಸಂಜೆ ನಡೆದು ಬಂದು ಕಟ್ಟೆಯ ಮೇಲೆ ಕೂತಾಗ ಧೈರ್ಯ ಮಾಡಿ ಕೇಳಿದ. "ಆವತ್ತು ಆ ಡಾಕ್ಟರ ರೂಮಿನಾಗ ನಿನಗ ಹೆಂಗಾತು ಮೈಲಿ?"

ಅವಳು ಸೆರಗನ್ನು ಹೆಗಲ ಮೇಲೆ ಎಳೆದುಕೊಂಡಳು.

"ಚಳಿ ಇತ್ರಿ" ಎಂದಳು. "ಏಸಿ ಹಾಕಿದ್ರು. ನಾ ಶಾಲು ಒಯ್ದಿರಲಿಲ್ಲ."

ಅಷ್ಟು ಹೇಳಿ, ಅವನ ಮಾತ್ರೆಯ ಹೊತ್ತಾಯಿತೆಂದು ಎದ್ದು ಒಳಗೆ ಹೋದಳು.