ಅಪೊಲೋನಿಯಾಳ ಹವಳದ ಸರ

ನಮ್ಮೂರ ಚರ್ಚಿನ ಬಲಿಪೀಠದ ಮೇಲೆ ಮಾತೆ ಮರಿಯಳ ಚಿತ್ರವಿದೆ. ಕೊರಳಲ್ಲಿ ಮೂರೆಳೆಯ ಕೆಂಪು ಹವಳದ ಸರ. ಬರೆದವನು ಹಿಯರೋನಿಮ್ ಲಾಸೊಟಾ, ಇದೇ ಊರಿನ ಗಿರಣಿಯವನ ಮಗ. ಮ್ಯೂನಿಕ್‌ನ ಕಲಾಶಾಲೆಯಲ್ಲಿ ಕಲಿತು, ರೋಮಿನಲ್ಲಿ ನೆಲೆಸಿ, ಅಲ್ಲೇ ಮಣ್ಣಾದ. ಊರಿಗೆ ಚಿತ್ರ ಕಳಿಸಿದನೇ ಹೊರತು ತಾನು ಬರಲಿಲ್ಲ. ಪೆಟ್ಟಿಗೆ ಬಿಚ್ಚಿ ಹವಳ ನೋಡಿದ್ದೇ ತಡ, ಇದು ನಮ್ಮೂರ ಹುಡುಗಿ ಕುನೆಗುಂದಾಳೇ ಎಂದು ಜನ ತೀರ್ಮಾನಿಸಿಬಿಟ್ಟರಂತೆ. ಆಗ ಊರಲ್ಲಿ ಅಂಥ ಸರ ಇದ್ದದ್ದು ಅವಳೊಬ್ಬಳಿಗೆ. ಲಾಸೊಟಾ ಅವಳ ಹಿಂದೆ ಸುತ್ತಿದ್ದೂ ಗೊತ್ತಿತ್ತು. ಮರೆಯಲಾರದೆ ನೆನಪಿನಿಂದಲೇ ಬರೆದಿದ್ದಾನೆ ಎಂದರು. ನಮ್ಮವರು ಊಟ ಬಿಟ್ಟಾರು, ಕಥೆ ಬಿಡರು.

ಅಂದಿನಿಂದ ಒಂದು ಪದ್ಧತಿ ಬೆಳೆಯಿತು. ಆಗಸ್ಟಿನ ಮೂಲಿಕೆ ಹಬ್ಬದಂದು ರೈ ತೆನೆ, ಗಸಗಸೆ ಕಾಯಿ, ಪುದೀನ ಕಟ್ಟಿದ ಗುಚ್ಛಗಳನ್ನು ಮಾತೆಯ ಮುಂದಿಡುತ್ತೇವೆ. ಮೊದಲ ಗುಚ್ಛ ಇಡುವವಳು ಕುನೆಗುಂದಾಳ ಮನೆಯ ಮದುವೆಯಾಗದ ಹುಡುಗಿ, ಆ ಸರ ತೊಟ್ಟು. ಮದುವೆಯಾದರೆ ಸರ ಮುಂದಿನವಳಿಗೆ.

ಕೊನೆಗೆ ಅದು ಕುನೆಗುಂದಾಳ ಮರಿಮಗಳು ಅಪೊಲೋನಿಯಾಳಿಗೆ ಬಂತು. ಅವಳ ನಂತರ ಆ ಮನೆಯಲ್ಲಿ ಹೆಣ್ಣು ಹುಟ್ಟಲಿಲ್ಲ. ಡೈರಿಯಲ್ಲಿ ಹಾಲು ಅಳೆಯುವ ಕೆಲಸ, ಹಿತ್ತಿಲಲ್ಲಿ ಕೋಸು, ಬಾಯಿ ಸ್ವಲ್ಪ ಜೋರು. ಆದರೂ ಮುಖ ಚಿತ್ರದ ಹಾಗೇ ಇದೆ ಎಂದು ಎಲ್ಲರೂ ಹೇಳುತ್ತಿದ್ದುದರಿಂದ, ಕುಡಿದು ಬಂದವನೂ ಅವಳೆದುರು ಟೋಪಿ ತೆಗೆಯುತ್ತಿದ್ದ.

ಅವಳನ್ನು ಮದುವೆಗೆ ಕೇಳಿದವನು ಒಬ್ಬನಿದ್ದ. ಚರ್ಚಿನಲ್ಲಿ ಆರ್ಗನ್ ಬಾರಿಸಲು ಪಕ್ಕದೂರಿನಿಂದ ಬಂದ ಹುಡುಗ, ಅಂದರೆ ನಾನು. ಅವಳಿಗೂ ಮನಸ್ಸಿತ್ತು, ಅದನ್ನು ಮುಚ್ಚಿಡಲಿಲ್ಲ. ಆದರೆ ತಾನು ಮದುವೆಯಾದರೆ ಆ ಸರ ತೊಟ್ಟು ನಿಲ್ಲುವವರು ಯಾರೂ ಇಲ್ಲ, ಮುತ್ತಜ್ಜಿಗೆ ಹೇಗೆ ದ್ರೋಹ ಮಾಡಲಿ ಎಂದಳು. ನಾನು ಎರಡು ವರ್ಷ ಕಾದು ಬೇರೆಯವಳನ್ನು ಮದುವೆಯಾದೆ. ಒಳ್ಳೆಯ ಹೆಂಡತಿ, ದೂರುವಂಥದ್ದೇನಿಲ್ಲ.

ಹೀಗೆ ನಾವೆಲ್ಲ ಮುದುಕರಾದ ಮೇಲೆ, ಕಳೆದ ವಸಂತದಲ್ಲಿ, ಕ್ರಾಕೂವ್‌ನಿಂದ ಹಾಲ್ಶ್ಕಾ ಎಂಬ ಸಂಶೋಧಕಿ ಬಂದಳು. ಲಾಸೊಟಾನ ಮೇಲೆ ಹೊಸ ಪುಸ್ತಕ ಬರೆಯುತ್ತಿದ್ದಳು. ಪಾದ್ರಿಯ ಮನೆಯ ಹಾಲ್‌ನಲ್ಲಿ ಗೋಡೆಯ ಮೇಲೆ ಅವನ ಬೇರೆ ಚಿತ್ರಗಳನ್ನು ತೋರಿಸಿದಳು. ನಮ್ಮ ಮಾತೆಯ ಮುಖವೇ, ಅದೇ ಹವಳ, ಒಂದರಲ್ಲಿ ದ್ರಾಕ್ಷಿ ಮಾರುತ್ತಿದ್ದಾಳೆ, ಇನ್ನೊಂದರಲ್ಲಿ ಯಾವುದೋ ಹಳೆಯ ದೇವತೆಯಾಗಿ ಅರೆಬೆತ್ತಲೆ ನಿಂತಿದ್ದಾಳೆ. ಬೇರೆ ಚಿತ್ರಕಾರರೂ ಅವಳನ್ನೇ ಬರೆದಿದ್ದರು. ರೋಮಿನ ಮೆಟ್ಟಿಲುಗಳ ಮೇಲೆ ಕೂಲಿಗೆ ಕಾಯುತ್ತಿದ್ದ ಮಾಡೆಲ್ ಅಂತೆ. ಅಲ್ಲಿನ ಬೆಟ್ಟದ ಹೆಂಗಸರೂ ಹವಳ ತೊಡುತ್ತಾರಂತೆ. ಲಾಸೊಟಾನಂಥ ಕಲಾಶಾಲೆಯವರು ಎದುರಿಗೆ ಮನುಷ್ಯರಿಲ್ಲದೆ ಒಂದು ಕಿವಿಯನ್ನೂ ಬರೆಯುತ್ತಿರಲಿಲ್ಲ ಎಂದಳು.

"ನಮ್ಮ ಮಾತೆ ಅಲ್ಲಿ ಬರೀ ಮೈಲಿ ನಿಂತಿದ್ಲಾ? ಇಷ್ಟು ವರ್ಷ ಅವಳಿಗಾ ನಾವು ಮೊಣಕಾಲೂರಿದ್ದು?" ಎಂದಳು ಗಂಟೆ ಹೊಡೆಯುವವನ ಹೆಂಡತಿ. ಜನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಅಪೊಲೋನಿಯಾ ನಗಲಿಲ್ಲ. "ಅವಳ ಹೆಸರೇನು?" ಎಂದು ಕೇಳಿದಳು.

"ಗೊತ್ತಾಗಿಲ್ಲ, ಅಪೊಲೋನಿಯಾ ಅವರೇ. ಅಂಥವರ ಹೆಸರು ಯಾರೂ ಬರೆದಿಡ್ತಿರ್ಲಿಲ್ಲ."

ಪದ್ಧತಿ ಪದ್ಧತಿಯೇ, ಈ ವರ್ಷವೂ ಮೊದಲ ಗುಚ್ಛ ನಿಮ್ಮದೇ ಎಂದು ಪಾದ್ರಿ ಸಮಾಧಾನ ಹೇಳಿದರು. ಅವಳು ಎದ್ದು ಮನೆಗೆ ಹೋದಳು. ಬೇಸಿಗೆಯೆಲ್ಲ ಯಾರ ಮನೆಗೂ ಬರಲಿಲ್ಲ. ಹಬ್ಬಕ್ಕೆ ಬರುತ್ತಾಳೋ ಇಲ್ಲವೋ ಎಂಬುದೇ ಊರಿಗೆ ಮಾತಾಯಿತು.

ಬಂದಳು. ಸರ ತೊಟ್ಟೇ ಬಂದಳು. ಜನಕ್ಕೆ ಸಮಾಧಾನವಾಯಿತು. ಮೇಲೆ ಆರ್ಗನ್ ಅಟ್ಟದಿಂದ ನನಗೆ ಎಲ್ಲ ಕಾಣುತ್ತಿತ್ತು. ಗುಚ್ಛ ಇಟ್ಟಳು. ಆಮೇಲೆ ಕೈ ಹಿಂದೆ ತಂದು ಸರ ಬಿಚ್ಚಿ, ಚಿತ್ರದ ಕೆಳಗೆ ಹರಕೆ ಹೊತ್ತವರು ಕಟ್ಟಿದ ಬೆಳ್ಳಿ ಹೃದಯಗಳ ನಡುವೆ ತೂಗುಹಾಕಿದಳು. ಪಾದ್ರಿ ತೀರ್ಥ ಚಿಮುಕಿಸುವುದನ್ನೇ ಮರೆತರು.

ಪೂಜೆ ಮುಗಿದ ಮೇಲೆ ಅವಳು ಅಟ್ಟ ಹತ್ತಿ ಬಂದಳು, ಎಂದೂ ಬಂದವಳಲ್ಲ. ಬರಿಗೊರಳಲ್ಲಿ ಸರ ಒತ್ತಿದ ಗುರುತು ಕಾಣುತ್ತಿತ್ತು.

"ಇಗ್ನಾಟ್ಸಿ ಅವರೇ, ಆವತ್ತು ನಿಮಗೆ ಆಗಲ್ಲ ಅಂದೆನಲ್ಲ, ನಮ್ಮ ಮುತ್ತಜ್ಜಿಗೋಸ್ಕರ ಅಂದ್ಕೊಂಡಿದ್ದೆ. ಹೆಸರೂ ಗೊತ್ತಿಲ್ಲದ ಯಾರೋ ರೋಮಿನವಳಿಗೋಸ್ಕರವಂತೆ. ನಿಮಗೆ ನಗು ಬರಲ್ವಾ?"

"ಬರಲ್ಲ" ಎಂದೆ.

ಕೆಳಗೆ ಬಾಗಿಲಲ್ಲಿ ನನ್ನ ಹೆಂಡತಿ ಮನೆಗೆ ಒಯ್ಯಲು ನಮ್ಮ ಗುಚ್ಛ ಹಿಡಿದು ಕಾಯುತ್ತಿದ್ದಳು. ಆರ್ಗನ್ ಮುಚ್ಚಿ ಇಳಿದು ಹೋದೆ.